ಪ್ಲಾಟಿಪಸ್ ಎಷ್ಟಿವೆ? ಮೂವತ್ತು ಸಾವಿರವೋ, ಮೂರು ಲಕ್ಷವೋ

'ಮೊಟ್ಟೆ ಇಡುವ ಸಸ್ತನಿ ಯಾವುದು?' ಹೈಸ್ಕೂಲ್ ಕ್ವಿಜ್‌ನಿಂದ ಹಿಡಿದು ಸ್ಪರ್ಧಾತ್ಮಕ ಪರೀಕ್ಷೆಯ ಗೈಡ್‌ಗಳವರೆಗೆ ಈ ಪ್ರಶ್ನೆ ನಮ್ಮಲ್ಲಿ ತುಂಬಾ ಹಳೆಯದು. ಪ್ಲಾಟಿಪಸ್ ಅನ್ನುವ ಉತ್ತರ ಬಾಯಿಪಾಠ ಆಗಿರುತ್ತದೆ. ಒಂದು ಮಾರ್ಕು ಬಂತು, ವಿಷಯ ಮುಗಿಯಿತು. (ಎಕಿಡ್ನಾ ಅಂತ ಬರೆದರೂ ಸರಿಯೇ. ಪಾಪ, ಅದನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ.)

ಅದೇ ಪ್ರಾಣಿಯ ಬಗ್ಗೆ ಇನ್ನೊಂದು ಪ್ರಶ್ನೆ ಕೇಳಿ ನೋಡಿ. ಈಗ ಎಷ್ಟು ಪ್ಲಾಟಿಪಸ್‌ಗಳು ಬದುಕಿವೆ? ಇದಕ್ಕೆ ಗೈಡ್‌ನಲ್ಲಿ ಉತ್ತರ ಇಲ್ಲ, ವಿಜ್ಞಾನಿಗಳ ಹತ್ತಿರವೂ ಸರಿಯಾದ ಉತ್ತರ ಇಲ್ಲ. ವನ್ಯಜೀವಿಗಳ ಸ್ಥಿತಿಗತಿ ದಾಖಲಿಸುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಪಟ್ಟಿಯಲ್ಲಿರುವ ಅಂದಾಜು 30,000ದಿಂದ 3,00,000. ಹತ್ತು ಪಟ್ಟು ವ್ಯತ್ಯಾಸ! ಮದುವೆಗೆ ಎಷ್ಟು ಜನ ಬರುತ್ತಾರೆ ಅಂತ ಅಡುಗೆಯವರು ಕೇಳಿದಾಗ 'ಮೂವತ್ತರಿಂದ ಮುನ್ನೂರು' ಅಂತ ಹೇಳಿದ ಹಾಗೆ. ಅಡುಗೆಯವರು ಎಷ್ಟು ಅಕ್ಕಿ ನೆನೆಹಾಕಬೇಕು?

ಆಸ್ಟ್ರೇಲಿಯಾದ 20 ಸೆಂಟ್ ನಾಣ್ಯದ ಮೇಲೆ ಈ ಪ್ರಾಣಿಯ ಚಿತ್ರ ಇದೆ. ನ್ಯೂ ಸೌತ್ ವೇಲ್ಸ್ ರಾಜ್ಯದ ಲಾಂಛನ ಪ್ರಾಣಿ ಇದು. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ 'ಸಿಡ್' ಅನ್ನುವ ಹೆಸರಲ್ಲಿ ಮಸ್ಕಾಟ್ ಆಗಿ ಕುಣಿದಿತ್ತು. ಇಷ್ಟೆಲ್ಲ ಮೆರೆಸಿದ ದೇಶಕ್ಕೆ ಅದರ ತಲೆ ಎಣಿಸಲು ಆಗಿಲ್ಲ. ಇದು ಸೋಮಾರಿತನ ಅಲ್ಲ. ಪ್ಲಾಟಿಪಸ್ ಬದುಕುವ ರೀತಿಯೇ ಹಾಗಿದೆ. ಅದನ್ನು ನಮ್ಮ ಕಣ್ಣಿಂದ ಮರೆಮಾಡುವ ಅಭ್ಯಾಸಗಳೇ ಇವತ್ತು ಅದಕ್ಕೆ ಮುಳುವಾಗುತ್ತಿವೆ. ಅದು ಹೇಗೆ ಅಂತ ತಿಳಿಯಬೇಕಾದರೆ ಮೊದಲು ಒಂದು ರಾತ್ರಿ ಅದರ ಹಿಂದೆ ಹೋಗಬೇಕು.

ಕಣ್ಣು ಮುಚ್ಚಿಕೊಂಡು ಬೇಟೆ

ಸಂಜೆ ಕತ್ತಲಾಗುವ ಹೊತ್ತು. ಪೂರ್ವ ಆಸ್ಟ್ರೇಲಿಯಾದ ಒಂದು ಹೊಳೆ. ದಂಡೆಯ ಮಣ್ಣಿನಲ್ಲಿ, ಮರದ ಬೇರುಗಳ ನಡುವೆ ಒಂದು ಸಣ್ಣ ಬಿಲ. ಅದರೊಳಗಿಂದ ಕಂದು ತುಪ್ಪಳದ ಪ್ರಾಣಿಯೊಂದು ಜಾರಿಕೊಂಡು ನೀರಿಗಿಳಿಯುತ್ತದೆ. ಸದ್ದಿಲ್ಲ. ಉದ್ದ ಅರ್ಧ ಮೀಟರಿನ ಆಸುಪಾಸು, ತೂಕ ಒಂದೂವರೆ ಎರಡು ಕೆಜಿ. ಫೋಟೋದಲ್ಲಿ ನೋಡಿದವರು ನೀರುನಾಯಿಯಷ್ಟು ದೊಡ್ಡದು ಅಂದುಕೊಂಡಿರುತ್ತಾರೆ. ನಿಜಕ್ಕೂ ಅದು ಒಂದು ಬೆಕ್ಕಿಗಿಂತ ಸಣ್ಣದು.

ಮುಳುಗುತ್ತಿದ್ದ ಹಾಗೆ ಕಣ್ಣು ಮುಚ್ಚಿಕೊಳ್ಳುತ್ತದೆ. ಕಿವಿಯೂ ಮುಚ್ಚುತ್ತದೆ, ಮೂಗಿನ ಹೊಳ್ಳೆಯೂ ಮುಚ್ಚುತ್ತದೆ. ಕಾಣಿಸುವುದಿಲ್ಲ, ಕೇಳಿಸುವುದಿಲ್ಲ, ವಾಸನೆಯೂ ಇಲ್ಲ. ಉಳಿದಿರುವುದು ಕೊಕ್ಕು ಮಾತ್ರ. ಬಾತುಕೋಳಿ ಕೊಕ್ಕಿನ ಥರ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಅದು ಗಟ್ಟಿ ಅಲ್ಲ. ಒದ್ದೆ ಚರ್ಮದ ಹಾಗೆ ಮೆತ್ತಗೆ ಇರುತ್ತದೆ. ಆ ಚರ್ಮದಲ್ಲಿ ವಿದ್ಯುತ್ ಗುರುತಿಸುವ ಸುಮಾರು 40,000 ಬಿಂದುಗಳಿವೆ. ಒತ್ತಡ ಗುರುತಿಸುವ ಸುಮಾರು 60,000 ಬಿಂದುಗಳು ಬೇರೆ. ಯಾವುದೇ ಜೀವಿ ಸ್ನಾಯು ಅಲ್ಲಾಡಿಸಿದರೆ ಅತಿ ಸಣ್ಣ ಪ್ರಮಾಣದ ವಿದ್ಯುತ್ ಹುಟ್ಟುತ್ತದೆ. ಹೊಳೆಯ ತಳದಲ್ಲಿ ಒಂದು ಸೀಗಡಿ ಬಾಲ ಕೊಡವಿದರೆ ಸಾಕು, ಪ್ಲಾಟಿಪಸ್‌ಗೆ ಸುದ್ದಿ ಮುಟ್ಟುತ್ತದೆ.

ಈಜುವಾಗ ಅದು ಕೊಕ್ಕನ್ನು ಎಡಕ್ಕೂ ಬಲಕ್ಕೂ ಬೀಸುತ್ತಾ ಹೋಗುತ್ತದೆ, ಕಸಬರಿಗೆಯಿಂದ ಅಂಗಳ ಗುಡಿಸಿದ ಹಾಗೆ. ಬೇಟೆಯಿಂದ ವಿದ್ಯುತ್ ಸಂಕೇತ ಮೊದಲು ಬರುತ್ತದೆ, ನೀರು ಕದಡಿದ ಅಲೆ ಆಮೇಲೆ ಬರುತ್ತದೆ. ಮಿಂಚು ಕಂಡ ಮೇಲೆ ಗುಡುಗು ಎಷ್ಟು ಹೊತ್ತಿಗೆ ಬಂತು ಅಂತ ಎಣಿಸಿ ಸಿಡಿಲು ಎಷ್ಟು ದೂರದಲ್ಲಿ ಬಿತ್ತು ಅಂತ ಹೇಳುತ್ತೀವಲ್ಲ, ಅದೇ ಲೆಕ್ಕದಲ್ಲಿ ಪ್ಲಾಟಿಪಸ್ ಬೇಟೆಯ ದೂರ ಅಳೆಯುತ್ತಿರಬಹುದು ಅನ್ನುವುದು ವಿಜ್ಞಾನಿಗಳ ಊಹೆ.

ಸಿಕ್ಕಿದ್ದನ್ನು ನೀರೊಳಗೆ ತಿನ್ನುವುದಿಲ್ಲ. ಕೆನ್ನೆಯ ಚೀಲಕ್ಕೆ ತುಂಬಿಕೊಳ್ಳುತ್ತದೆ. ಅರ್ಧ ನಿಮಿಷವೋ ಒಂದು ನಿಮಿಷವೋ ಮುಳುಗಿದ್ದು ಮೇಲೆ ಬಂದು, ನೀರಿನ ಮೇಲೆ ಚಪ್ಪಟೆಯಾಗಿ ತೇಲುತ್ತಾ ಅಗಿಯುತ್ತದೆ. ಬೆಳೆದ ಪ್ಲಾಟಿಪಸ್‌ಗೆ ಹಲ್ಲಿಲ್ಲ, ಗಟ್ಟಿಯಾದ ಒಸಡಿನಂಥ ಪಟ್ಟಿಗಳಿವೆ. ಅದರಲ್ಲೇ ಅರೆದು ನುಂಗಿ ಮತ್ತೆ ಮುಳುಗು. ಇನ್ನೊಂದು ವಿಚಿತ್ರ, ಅದಕ್ಕೆ ಜಠರವೇ ಇಲ್ಲ. ಅನ್ನನಾಳ ನೇರ ಕರುಳಿಗೆ ಸೇರುತ್ತದೆ.

ಹೀಗೆ ರಾತ್ರಿಯಲ್ಲಿ ಹತ್ತು ಹನ್ನೆರಡು ಗಂಟೆ ದುಡಿಯುತ್ತದೆ. ದಿನಕ್ಕೆ ಅದರ ದೇಹದ ತೂಕದ ಶೇ. 15ರಿಂದ 30ರಷ್ಟು ಆಹಾರ ಬೇಕು. 60 ಕೆಜಿ ತೂಕದ ಮನುಷ್ಯ ದಿನಾ ಹತ್ತು ಹನ್ನೆರಡು ಕೆಜಿ ಊಟ ಮಾಡಿದ ಹಾಗಾಯಿತು. ಮರಿಗೆ ಹಾಲುಣಿಸುವ ತಾಯಿಗೆ ಇನ್ನೂ ಜಾಸ್ತಿ ಬೇಕು. ಅದೂ ಎಲ್ಲಾ ಹೊಳೆಯ ತಳದಲ್ಲಿರುವ ಹುಳ, ಸೀಗಡಿ, ಕೀಟದ ಮರಿಗಳಿಂದಲೇ ಬರಬೇಕು. ಹೊಳೆಯ ತಳ ಬರಿದಾದರೆ ಇವಕ್ಕೆ ಎರಡನೇ ಅಡುಗೆಮನೆ ಇಲ್ಲ. ಈ ಒಂದು ಮಾತು ನೆನಪಿಟ್ಟುಕೊಂಡು ಮುಂದೆ ಓದಿ.

ಎಣಿಸುವುದು ಹೇಗೆ?

ಹುಲಿಗಳಿಗಾದರೆ ಕ್ಯಾಮೆರಾ ಟ್ರ್ಯಾಪ್ ಇದೆ, ಪಟ್ಟೆ ನೋಡಿ ಯಾವುದು ಯಾವ ಹುಲಿ ಅಂತ ಹೇಳಬಹುದು. ಪ್ಲಾಟಿಪಸ್‌ಗೆ ಪಟ್ಟೆ ಇಲ್ಲ, ಕೂಗಿ ಕರೆಯುವ ಅಭ್ಯಾಸ ಇಲ್ಲ, ಹಿಂಡು ಕಟ್ಟುವುದೂ ಇಲ್ಲ. ಹಗಲೆಲ್ಲ ಬಿಲದಲ್ಲಿ, ರಾತ್ರಿಯೆಲ್ಲ ನೀರಲ್ಲಿ. ಕಂಡರೂ ನೀರಿನ ಮೇಲೆ ಒಂದು ಸಾಲು ಗುಳ್ಳೆ, ಒಂದು ಉಂಗುರದ ಅಲೆ, ಅಷ್ಟೇ. ಅದು ಪ್ಲಾಟಿಪಸ್ಸೋ, ರಕಾಲಿ ಅನ್ನುವ ಅಲ್ಲಿನ ನೀರಿಲಿಯೋ ಅಂತ ಹೇಳಲು ಪಳಗಿದ ಕಣ್ಣು ಬೇಕು.

ಹಾಗಾಗಿ ಸಂಶೋಧಕರು ಕತ್ತಲಾಗುವ ಮೊದಲು ಹೊಳೆಗೆ ಅಡ್ಡ ಬಲೆ ಹಾಕಿ, ರಾತ್ರಿಯಿಡೀ ಎದ್ದಿದ್ದು ಮತ್ತೆ ಮತ್ತೆ ತಪಾಸಣೆ ಮಾಡುತ್ತಾರೆ. ಸಿಕ್ಕಿದ ಪ್ರಾಣಿಯನ್ನು ತೂಗಿ, ಅಳೆದು, ಚರ್ಮದ ಕೆಳಗೆ ಅಕ್ಕಿಕಾಳಿನಷ್ಟು ದೊಡ್ಡ ಮೈಕ್ರೋಚಿಪ್ ಇಟ್ಟು ಬಿಡುತ್ತಾರೆ. ಚಳಿಯಲ್ಲಿ ಎರಡು ಮೂರು ರಾತ್ರಿ ಕಾದು ಒಂದೂ ಸಿಗದಿದ್ದರೆ? ಅಲ್ಲಿ ಇಲ್ಲ ಅಂತಲೋ, ಅವತ್ತು ಈ ಕಡೆ ಬರಲಿಲ್ಲ ಅಂತಲೋ? ಹೇಳುವುದು ಕಷ್ಟ.

ಈಚೆಗೆ ಒಂದು ಸುಲಭದ ದಾರಿ ಸಿಕ್ಕಿದೆ. ಪ್ರಾಣಿ ಓಡಾಡಿದ ನೀರಿನಲ್ಲಿ ಅದರ ಚರ್ಮದ ಚೂರು, ಕೂದಲು, ಮಲಮೂತ್ರದ ಮೂಲಕ ಡಿಎನ್ಎ ಸೇರಿರುತ್ತದೆ. ಹೊಳೆಯಿಂದ ನೀರು ತೆಗೆದು ಸೋಸಿ ಲ್ಯಾಬ್‌ಗೆ ಕಳಿಸಿದರೆ ಅಲ್ಲಿ ಪ್ಲಾಟಿಪಸ್ ಇದೆಯೋ ಇಲ್ಲವೋ ಗೊತ್ತಾಗುತ್ತದೆ. ಶಾಲೆ ಮಕ್ಕಳೂ ಮಾಡಬಹುದಾದ ಕೆಲಸ. ಆದರೆ ಇದು ಹೇಳುವುದು 'ಇದೆ' ಅಥವಾ 'ಸುಳಿವಿಲ್ಲ' ಅಂತ ಮಾತ್ರ. 'ಎಷ್ಟು' ಅಂತ ಹೇಳುವುದಿಲ್ಲ.

ಇನ್ನೊಂದು ತೊಡಕು ಹಿಂದಿನ ಲೆಕ್ಕದ್ದು. ಈಗ ಕಡಿಮೆಯಾಗಿವೆ ಅಂತ ಹೇಳಬೇಕಾದರೆ ಮೊದಲು ಎಷ್ಟಿದ್ದವು ಅಂತ ಗೊತ್ತಿರಬೇಕಲ್ವಾ? ಹತ್ತೊಂಬತ್ತನೇ ಶತಮಾನದಲ್ಲಿ ತುಪ್ಪಳಕ್ಕಾಗಿ ಪ್ಲಾಟಿಪಸ್‌ಗಳನ್ನು ಮನಸ್ಸಿಗೆ ಬಂದಷ್ಟು ಕೊಂದರು. ಇಪ್ಪತ್ತನೇ ಶತಮಾನದ ಆರಂಭದ ಹೊತ್ತಿಗೆ ಕಾನೂನು ಬಂತು, ಬೇಟೆ ನಿಂತಿತು. ಆದರೆ ಕೊಲ್ಲುವ ಮೊದಲು ಯಾರೂ ಎಣಿಸಿರಲಿಲ್ಲ. ನಾವು ಇವತ್ತು 'ಮಾಮೂಲಿ' ಅಂದುಕೊಳ್ಳುವ ಸಂಖ್ಯೆ ಆ ಬೇಟೆಯ ನಂತರ ಉಳಿದದ್ದು.

ಈ ಪ್ರಾಣಿಯ ವಿಷಯದಲ್ಲಿ ಪಂಡಿತರು ತಡವಾಗಿ ತಿಳಿದುಕೊಳ್ಳುವುದು ಹೊಸದೇನಲ್ಲ. 1798ರಲ್ಲಿ ಇದರ ಮೊದಲ ಚರ್ಮ ಇಂಗ್ಲೆಂಡ್ ಮುಟ್ಟಿದಾಗ, ಯಾರೋ ಬಾತಿನ ಕೊಕ್ಕು ಹೊಲಿದು ತಮಾಷೆ ಮಾಡಿದ್ದಾರೆ ಅಂತ ಜಾರ್ಜ್ ಶಾ ಅನ್ನುವ ಪ್ರಾಣಿತಜ್ಞ ಅನುಮಾನಪಟ್ಟ ಕಥೆ ಎಲ್ಲರೂ ಹೇಳುತ್ತಾರೆ. ನನಗೆ ಅದಕ್ಕಿಂತ ಮುಖ್ಯ ಅನ್ನಿಸುವುದು ಮೊಟ್ಟೆಯ ಕಥೆ. ಇದು ಮೊಟ್ಟೆ ಇಡುತ್ತದೆ ಅಂತ ಹೊಳೆ ದಂಡೆಯಲ್ಲೇ ಬದುಕಿದ್ದ ಮೂಲನಿವಾಸಿಗಳು ಹೇಳುತ್ತಲೇ ಇದ್ದರು. ಯುರೋಪಿನವರು ನಂಬಲಿಲ್ಲ, ಸುಮಾರು 85 ವರ್ಷ ವಾದ ಮಾಡಿದರು. ಕೊನೆಗೆ 1884ರಲ್ಲಿ ವಿಲಿಯಂ ಕಾಲ್ಡ್‌ವೆಲ್ ಅನ್ನುವ ಯುವ ವಿಜ್ಞಾನಿ ಕ್ವೀನ್ಸ್‌ಲ್ಯಾಂಡಿನ ಬರ್ನೆಟ್ ನದಿಯ ದಂಡೆಯಲ್ಲಿ ಬೀಡುಬಿಟ್ಟು, ಅದೇ ಮೂಲನಿವಾಸಿಗಳಿಂದ ಪ್ರಾಣಿ ಹಿಡಿಸಿ, ಮೊಟ್ಟೆ ಕಂಡು ಟೆಲಿಗ್ರಾಂ ಕಳಿಸಿದ. ಹೆಸರು ಬಂದದ್ದು ಅವನಿಗೆ. ಆ ಹುಡುಕಾಟದಲ್ಲಿ ಸತ್ತ ಪ್ರಾಣಿಗಳಂತೂ ಬಹಳ.

ನದಿ ನಿಂತರೆ

ಈಗ ಕಷ್ಟಗಳ ವಿಷಯ. ದೊಡ್ಡದು ಅಣೆಕಟ್ಟು.

ಪ್ಲಾಟಿಪಸ್‌ಗಳ ಊರು ಆಸ್ಟ್ರೇಲಿಯಾದ ಪೂರ್ವ ಅಂಚು: ಕ್ವೀನ್ಸ್‌ಲ್ಯಾಂಡ್, ನ್ಯೂ ಸೌತ್ ವೇಲ್ಸ್, ವಿಕ್ಟೋರಿಯಾ, ಟಾಸ್ಮೇನಿಯಾ. ಆ ಒಣ ಖಂಡದಲ್ಲಿ ವರ್ಷವಿಡೀ ನೀರಿರುವ ಹೊಳೆಗಳು ಜಾಸ್ತಿ ಇರುವುದು ಇಲ್ಲೇ. ಜನ, ಹೊಲ, ನಗರ, ಜಲವಿದ್ಯುತ್ ಯೋಜನೆಗಳೂ ಹೆಚ್ಚಾಗಿ ಇಲ್ಲೇ. ಅಂದರೆ ಪ್ಲಾಟಿಪಸ್ ಮತ್ತು ಮನುಷ್ಯ ಇಬ್ಬರಿಗೂ ಬೇಕಾದ್ದು ಒಂದೇ ನೀರು.

ಅಣೆಕಟ್ಟಿನ ಹಿಂದೆ ನಿಂತ ನೀರು ಆಳವಾಗುತ್ತದೆ. ಪ್ಲಾಟಿಪಸ್‌ಗೆ ಹಿಡಿಸುವುದು ಆಳ ಕಡಿಮೆ ಇರುವ, ಕಲ್ಲು, ಮರದ ತುಂಡು ಬಿದ್ದಿರುವ ತಳ. ಅಲ್ಲಿ ಹುಳಗಳು ಹೆಚ್ಚು. ಹತ್ತಾರು ಮೀಟರ್ ಆಳದ ಜಲಾಶಯದ ತಳಕ್ಕೆ ಇಳಿದು ಬೇಟೆಯಾಡುವುದು ಅದಕ್ಕೆ ಆಗುವ ಮಾತಲ್ಲ, ಎರಡು ನಿಮಿಷಕ್ಕೆ ಉಸಿರಿಗೆ ಮೇಲೆ ಬರಬೇಕು. ಅಣೆಕಟ್ಟಿನ ಕೆಳಗಿನ ಕಷ್ಟ ಬೇರೆ ಥರದ್ದು. ಜಲಾಶಯದ ತಳದಿಂದ ಬಿಡುವ ನೀರು ಕೊರೆಯುವಷ್ಟು ತಣ್ಣಗಿರುತ್ತದೆ. ಪ್ಲಾಟಿಪಸ್‌ನ ತುಪ್ಪಳ ಚಳಿ ತಡೆಯುತ್ತದೆ, ಆದರೆ ಅದು ತಿನ್ನುವ ಕೀಟಗಳು ಆ ನೀರಲ್ಲಿ ಬೆಳೆಯಬೇಕಲ್ಲ. ಮೇಲಾಗಿ ಹೊಲಗಳಿಗೆ ಬೇಕಾದಾಗ ನೀರು ಬಿಡುತ್ತಾರೆ, ಬೇಡವಾದಾಗ ನಿಲ್ಲಿಸುತ್ತಾರೆ. ಬಿಲದೊಳಗೆ ಮರಿಗಳಿರುವ ತಿಂಗಳಲ್ಲಿ ದಿಢೀರನೆ ನೀರು ಏರಿದರೆ ಮರಿಗಳು ಮುಳುಗುತ್ತವೆ.

2022ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇನ್ನೊಂದು ವಿಷಯ ಹೊರಗೆ ತಂದಿತು. ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದವರು ದೊಡ್ಡ ಅಣೆಕಟ್ಟಿರುವ ನದಿಗಳಲ್ಲೂ, ಇಲ್ಲದ ನದಿಗಳಲ್ಲೂ ಪ್ಲಾಟಿಪಸ್‌ಗಳ ಡಿಎನ್ಎ ಹೋಲಿಸಿ ನೋಡಿದರು. ಅಣೆಕಟ್ಟಿನ ಮೇಲಿನವು, ಕೆಳಗಿನವು ಬೇರೆ ಬೇರೆ ಗುಂಪುಗಳಾಗಿ ಒಡೆದುಹೋಗಿದ್ದವು. ಕಟ್ಟು ಎಷ್ಟು ಹಳೆಯದೋ ಅಂತರ ಅಷ್ಟು ಹೆಚ್ಚು. ಅಂದರೆ ಕಟ್ಟೆ ಎದ್ದ ದಿನದಿಂದ ಆ ಕಡೆಯದು ಈ ಕಡೆಗೆ ಬಂದಿಲ್ಲ, ಬಂದರೂ ಎಲ್ಲೋ ಒಂದೆರಡು.

ಯಾಕೆ ದಾಟುವುದಿಲ್ಲ? ಕಾಲಿದೆಯಲ್ಲ, ನಡೆದುಕೊಂಡು ಹೋಗಬಹುದಲ್ವಾ? ಹೋಗಬಹುದು, ಆದರೆ ಅದರ ಕಾಲು ನೋಡಿ. ಮುಂಗಾಲಿನ ಬೆರಳುಗಳ ನಡುವಿನ ಜಾಲಪೊರೆ ಉಗುರನ್ನೂ ದಾಟಿ ಮುಂದೆ ಚಾಚಿರುತ್ತದೆ. ಈಜಲು ಹುಟ್ಟಿನ ಹಾಗೆ ಒಳ್ಳೆಯದು. ನೆಲದ ಮೇಲೆ ಆ ಪೊರೆಯನ್ನು ಒಳಗೆ ಮಡಚಿ, ಗೆಣ್ಣಿನ ಮೇಲೆ ಊರಿಕೊಂಡು ತೆವಳಿದ ಹಾಗೆ ನಡೆಯಬೇಕು. ಹಾಗೆ ನಡೆಯುವ ಪ್ರಾಣಿ ದೊಡ್ಡ ಕಟ್ಟೆಯನ್ನು ಸುತ್ತಿ ಬರಬೇಕಾದರೆ ನರಿ, ನಾಯಿಗಳ ಬಾಯಿ ತಪ್ಪಿಸಿಕೊಳ್ಳಬೇಕು. ಆಸ್ಟ್ರೇಲಿಯಾದ ನರಿ ಅಲ್ಲಿಯದಲ್ಲ. ಬೇಟೆಯ ಮೋಜಿಗೆ ಅಂತ ಬ್ರಿಟಿಷರು ಹತ್ತೊಂಬತ್ತನೇ ಶತಮಾನದಲ್ಲಿ ತಂದು ಬಿಟ್ಟದ್ದು.

ಗಂಡಿನ ಹಿಂಗಾಲಲ್ಲಿ ವಿಷದ ಮುಳ್ಳಿದೆ ಅನ್ನುವುದು ನಿಜ. ಚುಚ್ಚಿಸಿಕೊಂಡವರಿಗೆ ಜೀವ ಹೋಗುವುದಿಲ್ಲ, ಆದರೆ ಮಾರ್ಫಿನ್‌ಗೂ ಸರಿಯಾಗಿ ಬಗ್ಗದ ನೋವು, ವಾರಗಟ್ಟಲೆ. ನಾಯಿ ಸಾಯಲೂಬಹುದು. ಆದರೆ ವಿಷ ಏರುವುದು ಬೆದೆಯ ಕಾಲದಲ್ಲಿ. ಮುಖ್ಯ ಉಪಯೋಗ ಗಂಡು ಗಂಡುಗಳ ಜಗಳಕ್ಕೆ ಇರಬೇಕು. ಹೆಣ್ಣಿಗೆ ಅದೂ ಇಲ್ಲ.

ಎರಡು ಮೂರು ನಿಮಿಷದ ಸಾವು

ಅಣೆಕಟ್ಟಿಗೆ ಸರ್ಕಾರ ಬೇಕು, ಕೋಟಿಗಟ್ಟಲೆ ದುಡ್ಡು ಬೇಕು. ಆದರೆ ಪ್ಲಾಟಿಪಸ್ ಕೊಲ್ಲಲು ಮೀನುಗಾರಿಕೆ ಸಾಮಾನಿನ ಅಂಗಡಿಯಲ್ಲಿ ಸಿಗುವ ಒಂದು ಅಗ್ಗದ ಬಲೆ ಸಾಕಾಗಿತ್ತು.

ಆಸ್ಟ್ರೇಲಿಯಾದವರಿಗೆ ಯಾಬಿ ಅಂದರೆ ಇಷ್ಟ. ಏಡಿಯ ಥರ ಇಕ್ಕಳ ಇರುವ, ಸಿಹಿನೀರಿನ ದಪ್ಪ ಸೀಗಡಿ ಅದು. ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೊಳೆಗೆ ಹೋಗಿ ಯಾಬಿ ಹಿಡಿಯುವುದು ಅಲ್ಲಿ ಹಳೆಯ ಖುಷಿ. ಅದಕ್ಕೆ ಬಳಸುತ್ತಿದ್ದ ಬಲೆಗೆ 'ಆಪೆರಾ ಹೌಸ್' ಅಂತಲೇ ಹೆಸರು. ಬಿಚ್ಚಿ ನಿಲ್ಲಿಸಿದರೆ ಸಿಡ್ನಿಯ ಆಪೆರಾ ಹೌಸ್‌ನ ಛಾವಣಿಯ ಹಾಗೆ ಕಮಾನು ಕಮಾನಾಗಿ ಕಾಣುತ್ತದೆ. ಕೆಲಸ ಮಾಡುವ ರೀತಿ ನಮ್ಮ ಮಲೆನಾಡಿನಲ್ಲಿ ಮೀನು ಹಿಡಿಯುವ ಕೂಣಿಯದ್ದೇ. ಬಾಯಿ ಆಲಿಕೆಯ ಥರ, ಒಳಗೆ ಹೋಗುವುದು ಸಲೀಸು, ತಿರುಗಿ ಬರುವ ದಾರಿ ಸಿಗುವುದಿಲ್ಲ. ಸುತ್ತ ಬಲೆ, ಮೇಲೂ ಬಲೆ. ಒಳಗೆ ಮಾಂಸದ ತುಂಡು ಕಟ್ಟಿ ಹೊಳೆಯ ತಳಕ್ಕೆ ಇಳಿಸಿ, ಹಗ್ಗ ದಂಡೆಗೆ ಕಟ್ಟಿ ಮನೆಗೆ ಹೋಗುತ್ತಾರೆ. ಬೆಳಿಗ್ಗೆ ಬಂದು ಎತ್ತಿದರೆ ಆಯಿತು.

ಯಾಬಿಗೆ ನೀರಲ್ಲೇ ಉಸಿರು. ಪ್ಲಾಟಿಪಸ್‌ಗೆ ಹಾಗಲ್ಲ. ಬಲೆಯೊಳಗಿನ ಯಾಬಿಗಳು ಒದ್ದಾಡುತ್ತವೆ, ಕತ್ತಲಲ್ಲಿ ಆ ವಿದ್ಯುತ್ ಸುಳಿವು ಹಿಡಿದು ಕಣ್ಣುಮುಚ್ಚಿದ ಬೇಟೆಗಾರ ಬರುತ್ತದೆ. ಆಲಿಕೆಯ ಮೂಲಕ ಒಳಗೆ ನುಗ್ಗುತ್ತದೆ. ಕೆನ್ನೆ ತುಂಬಿಕೊಂಡು ಮೇಲೆ ಹೊರಟರೆ ತಲೆಗೆ ಬಲೆ ತಾಗುತ್ತದೆ. ಎರಡು ಮೂರು ನಿಮಿಷದಲ್ಲಿ ಎಲ್ಲ ಮುಗಿಯುತ್ತದೆ. ಒಂದೇ ಬಲೆಯಲ್ಲಿ ಹಲವು ಪ್ಲಾಟಿಪಸ್‌ಗಳು ಸತ್ತು ಸಿಕ್ಕಿದ್ದಿದೆ. ಸಣ್ಣ ಹೊಳೆಯೊಂದರಲ್ಲಿ ಇದ್ದದ್ದೇ ಬೆರಳೆಣಿಕೆಯಷ್ಟಾದರೆ, ಒಂದು ರಾತ್ರಿಯಲ್ಲಿ ಆ ಹೊಳೆಯ ಸಂಸಾರವೇ ಹೋಯಿತು. ಕಂಡವರು ಹೆದರಿ ಬಲೆ ಬಿಸಾಕಿ ಹೋದರೆ, ಆ ಬಲೆ ಅಲ್ಲೇ ಕೂತು ಕೊಲ್ಲುತ್ತಾ ಇರುತ್ತದೆ.

ವಿಕ್ಟೋರಿಯಾ 2019ರ ಜುಲೈನಿಂದ ಈ ಬಲೆಯನ್ನು ಪೂರ್ತಿ ನಿಷೇಧಿಸಿತು. ನ್ಯೂ ಸೌತ್ ವೇಲ್ಸ್ 2021ರಲ್ಲಿ, ದಕ್ಷಿಣ ಆಸ್ಟ್ರೇಲಿಯಾ 2023ರಲ್ಲಿ. ಮೇಲ್ಭಾಗ ತೆರೆದಿರುವ ಬಲೆಗಳು ಈಗ ಸಿಗುತ್ತವೆ. ಅದರಲ್ಲೂ ಯಾಬಿ ಸಿಗುತ್ತದೆ, ಪ್ಲಾಟಿಪಸ್ ಮೇಲಿಂದ ಹೊರಟುಹೋಗುತ್ತದೆ. ಈ ಪ್ರಾಣಿಯ ಸಮಸ್ಯೆಗಳಲ್ಲಿ ಇಷ್ಟು ಸುಲಭದ ಪರಿಹಾರ ಇರುವುದು ಇದೊಂದಕ್ಕೇ. ಆದರೂ ನಿಷೇಧಕ್ಕೆ ಇಷ್ಟು ವರ್ಷ ಬೇಕಾಯಿತು. ಹಳೆಯ ಬಲೆಗಳು ಎಷ್ಟು ಮನೆಗಳ ಶೆಡ್‌ನಲ್ಲಿ ಬಿದ್ದಿವೆಯೋ!

ನಗರದ ಹೊಳೆಯಲ್ಲಿ ಇರುವ ಔಷಧ

ಪ್ಲಾಟಿಪಸ್ ಅಂದರೆ ದಟ್ಟ ಕಾಡಿನ ಪ್ರಾಣಿ ಅನ್ನುವ ಕಲ್ಪನೆ ನಮಗಿದೆ. ಮೆಲ್ಬರ್ನ್ ನಗರದೊಳಗೆ ಹರಿಯುವ ಯಾರಾ ನದಿಯಲ್ಲಿ, ಅದಕ್ಕೆ ಸೇರುವ ಹಳ್ಳಗಳಲ್ಲಿ ಅವು ಇವತ್ತಿಗೂ ಇವೆ. ಅಲ್ಲಿ ನೆಲೆಸಿರುವ ಕನ್ನಡಿಗರು ವಾರಾಂತ್ಯಕ್ಕೆ ವಾರಂಡೈಟ್ ಕಡೆ ಹೋದರೆ, ಬೆಳಿಗ್ಗೆ ಬೇಗ ಹೋಗಿ ಸುಮ್ನೆ ನೀರು ನೋಡುತ್ತಾ ಕೂತರೆ, ಅದೃಷ್ಟ ಇದ್ದರೆ ಕಾಣಬಹುದು.

ಅದೇ ಮೆಲ್ಬರ್ನ್‌ನ ಹೊಳೆಗಳ ಕೀಟಗಳನ್ನು ಮೋನಾಶ್ ವಿಶ್ವವಿದ್ಯಾಲಯದ ಸಂಶೋಧಕರು ಪರೀಕ್ಷಿಸಿ, 2018ರಲ್ಲಿ ವರದಿ ಪ್ರಕಟಿಸಿದರು. ಆ ಕೀಟಗಳಲ್ಲಿ 69 ಬಗೆಯ ಔಷಧಗಳ ಅಂಶ ಸಿಕ್ಕಿತು. ನಾವು ಮಾತ್ರೆ ನುಂಗುತ್ತೇವೆ. ಅದರ ಒಂದು ಪಾಲು ಮೂತ್ರದ ಮೂಲಕ ಚರಂಡಿಗೆ ಹೋಗುತ್ತದೆ. ಶುದ್ಧೀಕರಣ ಘಟಕ ಕೊಳಕು ತೆಗೆಯುತ್ತದೆ, ಔಷಧವನ್ನೆಲ್ಲ ತೆಗೆಯುವುದಿಲ್ಲ. ಹೊಳೆಯ ಹುಳಗಳ ಮೈಯಲ್ಲಿ ಅದು ಸೇರಿಕೊಳ್ಳುತ್ತದೆ. ಆ ಹುಳಗಳನ್ನು ರಾಶಿ ರಾಶಿ ತಿನ್ನುವವರು ಯಾರು? ಶುದ್ಧೀಕರಣ ಘಟಕದ ನೀರು ಸೇರುವ ಒಂದು ಹಳ್ಳದಲ್ಲಿ ಬದುಕುವ ಪ್ಲಾಟಿಪಸ್, ಮನುಷ್ಯನಿಗೆ ವೈದ್ಯರು ಕೊಡುವ ಖಿನ್ನತೆಯ ಮಾತ್ರೆಯ ದಿನದ ಡೋಸ್‌ನಲ್ಲಿ ಅರ್ಧದಷ್ಟನ್ನು ಊಟದ ಜೊತೆ ಸೇವಿಸುತ್ತಿರಬಹುದು ಅಂತ ಸಂಶೋಧಕರು ಲೆಕ್ಕ ಹಾಕಿದರು. ಇದು ಹುಳಗಳಲ್ಲಿದ್ದ ಅಂಶದಿಂದ ಮಾಡಿದ ಅಂದಾಜು, ಪ್ಲಾಟಿಪಸ್‌ನ ರಕ್ತ ಪರೀಕ್ಷೆ ಅಲ್ಲ. ಆದರೂ ಯೋಚಿಸಿ. ಎರಡು ಕೆಜಿ ತೂಕದ ಪ್ರಾಣಿಗೆ ಮನುಷ್ಯನ ಅರ್ಧ ಡೋಸ್!

2024ರಲ್ಲಿ ಇನ್ನೊಂದು ಸುದ್ದಿ ಬಂತು. ನ್ಯೂ ಸೌತ್ ವೇಲ್ಸ್‌ನಲ್ಲಿ ಸತ್ತು ಸಿಕ್ಕ ಪ್ಲಾಟಿಪಸ್‌ಗಳ ಯಕೃತ್ತಿನಲ್ಲಿ ಪಿಎಫ್ಎಎಸ್ ಗುಂಪಿನ ರಾಸಾಯನಿಕ ಸಿಕ್ಕಿದೆ ಅಂತ ವೆಸ್ಟರ್ನ್ ಸಿಡ್ನಿ ವಿಶ್ವವಿದ್ಯಾಲಯದವರು ಹೇಳಿದರು. ಬೆಂಕಿ ಆರಿಸುವ ನೊರೆ, ಅಂಟದ ಪಾತ್ರೆಗಳಿಗೆಲ್ಲ ಬಳಸಿದ, ಸುಲಭಕ್ಕೆ ಕರಗಿ ಹೋಗದ ರಾಸಾಯನಿಕ ಅದು. ಇಲ್ಲೂ ದಾರಿ ಅದೇ, ನೀರಿಂದ ಕೆಸರಿಗೆ, ಕೆಸರಿಂದ ಹುಳಕ್ಕೆ, ಹುಳದಿಂದ ಪ್ಲಾಟಿಪಸ್‌ಗೆ.

ಇದಕ್ಕೆ ಹೋಲಿಸಿದರೆ ರಬ್ಬರ್ ಬ್ಯಾಂಡ್ ಸಣ್ಣ ವಿಷಯ ಅನ್ನಿಸಬಹುದು. ಅಲ್ಲ. ಮಳೆನೀರಿನ ಚರಂಡಿಯಲ್ಲಿ ಕೊಚ್ಚಿಕೊಂಡು ಬಂದ ಕೂದಲಿನ ಬ್ಯಾಂಡು, ಬಾಟಲಿಯ ರಿಂಗು, ಗಾಳದ ದಾರ ಎಲ್ಲ ಹೊಳೆಯ ತಳ ಸೇರುತ್ತದೆ. ಕಣ್ಣುಮುಚ್ಚಿ ತಳ ಕೆದಕುವ ಕೊಕ್ಕು ನೇರವಾಗಿ ಅದರೊಳಗೆ ತೂರುತ್ತದೆ. ರಬ್ಬರ್‌ನಿಂದ ವಿದ್ಯುತ್ ಬರುವುದಿಲ್ಲವಲ್ಲ, ಅದಕ್ಕೆ ಸುಳಿವೇ ಸಿಗುವುದಿಲ್ಲ. ಜಾರಿ ಕುತ್ತಿಗೆಗೆ ಸಿಕ್ಕಿಕೊಂಡ ಬ್ಯಾಂಡನ್ನು ತೆಗೆಯಲು ಅದರ ಕೈಲಾಗುವುದಿಲ್ಲ. ದಿನೇ ದಿನೇ ಚರ್ಮ, ಆಮೇಲೆ ಮಾಂಸ ಕೊಯ್ಯುತ್ತಾ ಹೋಗುತ್ತದೆ.

ಬಿಸಿಲು ತಡೆಯದ ಮೈ

1943ರಲ್ಲಿ, ಯುದ್ಧ ಜೋರಾಗಿದ್ದಾಗ, ಬ್ರಿಟನ್‌ನ ಪ್ರಧಾನಿ ಚರ್ಚಿಲ್ ತನಗೆ ಆರು ಪ್ಲಾಟಿಪಸ್ ಬೇಕು ಅಂತ ಆಸ್ಟ್ರೇಲಿಯಾವನ್ನು ಕೇಳಿದರು. ಆರು ಅಲ್ಲ, ಒಂದನ್ನು ಕಳಿಸಲು ಒಪ್ಪಿದರು. ಅದಕ್ಕೆ ವಿನ್‌ಸ್ಟನ್ ಅಂತಲೇ ಹೆಸರಿಟ್ಟು, ಪೆಟ್ಟಿಗೆಯೊಳಗೆ ಬಿಲ, ನೀರಿನ ತೊಟ್ಟಿ ಎಲ್ಲ ಮಾಡಿ, ದಿನಾ ಎರೆಹುಳು ತಿನ್ನಿಸಲು ಒಬ್ಬನನ್ನು ಇಟ್ಟು ಹಡಗಿನಲ್ಲಿ ಕಳಿಸಿದರು. ಇಂಗ್ಲೆಂಡ್ ಇನ್ನು ಕೆಲವೇ ದಿನ ಇರುವಾಗ ಅದು ಸತ್ತಿತು. ಜರ್ಮನ್ ಸಬ್‌ಮರೀನ್ ಜೊತೆಗಿನ ಕಾದಾಟದ ಸಿಡಿತಕ್ಕೆ ಬೆಚ್ಚಿ ಸತ್ತಿತು ಅನ್ನುವುದು ದಶಕಗಳ ಕಾಲ ನಡೆದುಬಂದ ಮಾತು. ಸಿಡ್ನಿಯ ವಿದ್ಯಾರ್ಥಿಗಳು ಈಚೆಗೆ ಹಳೆಯ ದಾಖಲೆಗಳನ್ನು ತೆಗೆದು ನೋಡಿದರು. ಹಡಗು ಸಮಭಾಜಕ ದಾಟುವಾಗ ನೀರು, ಗಾಳಿ ಪ್ಲಾಟಿಪಸ್ ತಡೆಯುವ ಮಿತಿ ಮೀರಿ, 27 ಡಿಗ್ರಿ ದಾಟಿ ಬಿಸಿಯಾಗಿತ್ತು, ಸುಮಾರು ಒಂದು ವಾರ. ಎರೆಹುಳುವಿನ ರೇಷನ್ನೂ ಕಡಿಮೆಯಾಗಿತ್ತು. ಬಾಂಬಿಗಿಂತ ಬಿಸಿಲೇ ಕೊಂದಿರಬೇಕು.

ನಮಗೆ 27 ಡಿಗ್ರಿ ಅಂದರೆ ಬೆಂಗಳೂರಿನ ಹಿತವಾದ ಮಧ್ಯಾಹ್ನ. ಪ್ಲಾಟಿಪಸ್‌ನ ಮೈಯ ಶಾಖವೇ ಸುಮಾರು 32 ಡಿಗ್ರಿ, ನಮಗಿಂತ ಐದು ಡಿಗ್ರಿ ಕಡಿಮೆ. ಚಳಿಯ ನೀರಲ್ಲಿ ಗಂಟೆಗಟ್ಟಲೆ ಇರಲು ಅಂತ ಮಾಡಿದ ದೇಹ, ಮೈತುಂಬ ಗಾಳಿ ಹಿಡಿದಿಡುವ ದಟ್ಟ ತುಪ್ಪಳ. ಅದನ್ನು ಕಳಚಿಡಲು ಆಗುವುದಿಲ್ಲ. ಬೇಸಿಗೆಯಲ್ಲಿ ಅದನ್ನು ಕಾಪಾಡುವುದು ಎರಡೇ, ತಣ್ಣನೆ ನೀರು ಮತ್ತು ನೆಲದೊಳಗಿನ ತಂಪು ಬಿಲ. ದಂಡೆಯ ಮರ ಕಡಿದರೆ ನೀರು ಕಾಯುತ್ತದೆ. ದನಗಳು ತುಳಿದು ದಂಡೆ ಕುಸಿದರೆ ಬಿಲ ಹೋಗುತ್ತದೆ.

2017ರಿಂದ 2019ರವರೆಗಿನ ಬರದಲ್ಲಿ ಹೊಳೆಗಳು ಒಣಗಿ ಮಡುಗಳಷ್ಟೇ ಉಳಿದವು. ಆಮೇಲೆ ಮಡುಗಳೂ ಒಣಗಿದವು. ಅದರ ಬೆನ್ನಿಗೇ 2019-20ರ ಕಾಳ್ಗಿಚ್ಚು. ಕ್ಯಾನ್‌ಬೆರ್ರಾ ಹತ್ತಿರದ ಟಿಡ್‌ಬಿನ್‌ಬಿಲ್ಲಾ ಅರಣ್ಯಧಾಮದಲ್ಲಿ ಕೊಳದ ನೀರು ಇಳಿಯುತ್ತಾ ಹೋದಾಗ ಅಲ್ಲಿನ ಪ್ಲಾಟಿಪಸ್‌ಗಳನ್ನು ಹಿಡಿದು ಸಿಡ್ನಿಯ ಟರೋಂಗಾ ಮೃಗಾಲಯಕ್ಕೆ ಸಾಗಿಸಬೇಕಾಯಿತು, ಮಳೆ ಬಂದ ಮೇಲೆ ತಿರುಗಿ ತಂದು ಬಿಟ್ಟರು. ಬೇರೆ ಸಾವಿರಾರು ಮಡುಗಳಲ್ಲಿ ಹಿಡಿಯುವವರು ಯಾರಿದ್ದರು?

2020ರಲ್ಲಿ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ತಂಡ ಇದನ್ನೆಲ್ಲ ಕೂಡಿಸಿ ಒಂದು ಲೆಕ್ಕ ಕೊಟ್ಟಿತು. ಈಗಿನ ಪರಿಸ್ಥಿತಿ ಹೀಗೇ ಇದ್ದರೆ ಮುಂದಿನ 50 ವರ್ಷದಲ್ಲಿ ಸಂಖ್ಯೆ ಶೇ. 47ರಿಂದ 66ರಷ್ಟು ಇಳಿಯಬಹುದು. ಹವಾಮಾನ ಬದಲಾವಣೆಯ ಬರ ಸೇರಿದರೆ ಶೇ. 73ರವರೆಗೂ ಹೋಗಬಹುದು. ಅದೇ ವರ್ಷದ ಇನ್ನೊಂದು ವರದಿ, 30 ವರ್ಷದಲ್ಲಿ ಪ್ಲಾಟಿಪಸ್ ವಾಸದ ಜಾಗ ಸುಮಾರು ಶೇ. 22ರಷ್ಟು ಕುಗ್ಗಿದೆ ಅಂತ ಹೇಳಿ, ಇದನ್ನು ದೇಶದ ಅಪಾಯದಲ್ಲಿರುವ ಪ್ರಾಣಿಗಳ ಪಟ್ಟಿಗೆ ಸೇರಿಸಿ ಅಂತ ಕೇಳಿತು. 2021ರ ಆರಂಭದಲ್ಲಿ ವಿಕ್ಟೋರಿಯಾ ತನ್ನ ರಾಜ್ಯದ ಪಟ್ಟಿಗೆ ಸೇರಿಸಿಕೊಂಡಿತು. ದಕ್ಷಿಣ ಆಸ್ಟ್ರೇಲಿಯಾದ ಮುಖ್ಯನೆಲದಿಂದ ಅದು ಎಂದೋ ಮಾಯವಾಗಿದೆ. ಅಲ್ಲಿ ಉಳಿದಿರುವುದು ಕಾಂಗರೂ ದ್ವೀಪದಲ್ಲಿ ಮನುಷ್ಯರೇ ತಂದು ಬಿಟ್ಟವುಗಳ ಸಂತತಿ.

ಶೇಕಡಾ ಲೆಕ್ಕಗಳನ್ನು ನಾನು ಸ್ವಲ್ಪ ಎಚ್ಚರದಿಂದ ಓದುತ್ತೇನೆ. ಇವತ್ತಿನ ಸಂಖ್ಯೆಯೇ ಹತ್ತು ಪಟ್ಟು ಆಚೆ ಈಚೆ ಇರುವಾಗ 50 ವರ್ಷದ ಮೇಲಿನ ಸಂಖ್ಯೆಯನ್ನು ಅಕ್ಷರಶಃ ನಂಬುವುದು ಹೇಗೆ? ಆದರೆ ಇಳಿಮುಖ ಅನ್ನುವುದರಲ್ಲಿ ಅನುಮಾನ ಬೇಕಿಲ್ಲ. ನಿಖರ ಸಂಖ್ಯೆ ಸಿಗಲಿ, ಆಮೇಲೆ ನೋಡೋಣ ಅಂತ ಕಾಯುವ ವಾದ ಕೆಲವರಿಗೆ ಅನುಕೂಲದ್ದು. ಈ ಪ್ರಾಣಿಯ ವಿಷಯದಲ್ಲಿ ನಿಖರ ಸಂಖ್ಯೆ ಸಿಗುವುದು, ಬೋನಿನಲ್ಲಿ ಹಿಡಿದು ಎಣಿಸುವಷ್ಟು ಕಡಿಮೆ ಉಳಿದಾಗ ಮಾತ್ರ.

ಒಂದು ಮರಿ

ಇದು ನಿಧಾನದ ಪ್ರಾಣಿ. ವರ್ಷಕ್ಕೊಂದೇ ಬೆದೆ. ಹೆಣ್ಣು ಒದ್ದೆ ಎಲೆಗಳನ್ನು ಬಾಲ ಮಡಚಿ ಅದರಲ್ಲಿ ಅವುಚಿಕೊಂಡು ಬಿಲಕ್ಕೆ ಸಾಗಿಸುತ್ತದೆ, ಹಲವು ಮೀಟರ್ ಉದ್ದದ ಬಿಲದ ತುದಿಯಲ್ಲಿ ಗೂಡು ಮಾಡುತ್ತದೆ. ಒಂದರಿಂದ ಮೂರು ಮೊಟ್ಟೆ, ಹೆಚ್ಚಾಗಿ ಎರಡು. ಎರಡು ಸೆಂಟಿಮೀಟರ್ ಕೂಡ ಇಲ್ಲದ, ತೊಗಲಿನಂಥ ಸಿಪ್ಪೆಯ ಮೊಟ್ಟೆ. ಹೊಟ್ಟೆ ಮತ್ತು ಬಾಲದ ನಡುವೆ ಒತ್ತಿ ಹಿಡಿದು ಸುರುಳಿಯಾಗಿ ಮಲಗಿ ಹತ್ತು ದಿನ ಕಾವು ಕೊಡುತ್ತದೆ. ಆಮೇಲೆ ಮೂರು ನಾಲ್ಕು ತಿಂಗಳು ಹಾಲು. ಮೊಲೆತೊಟ್ಟು ಇಲ್ಲ, ಹೊಟ್ಟೆಯ ಚರ್ಮದಿಂದ ಜಿನುಗುವ ಹಾಲನ್ನು ಮರಿ ತುಪ್ಪಳದಿಂದ ಹೀರುತ್ತದೆ. ಅಪ್ಪನ ಸಹಾಯ ಏನೂ ಇಲ್ಲ.

ಹಾಗಾಗಿ ಒಂದು ಹೊಳೆಯಿಂದ ಅಳಿದರೆ ತಾನಾಗಿ ತುಂಬಿಕೊಳ್ಳುವುದು ಸುಲಭ ಅಲ್ಲ. ಸಿಡ್ನಿಯ ದಕ್ಷಿಣಕ್ಕಿರುವ ರಾಯಲ್ ನ್ಯಾಷನಲ್ ಪಾರ್ಕ್‌ನಲ್ಲಿ 1970ರ ದಶಕದಿಂದ ಯಾರೂ ಪ್ಲಾಟಿಪಸ್ ಕಂಡಿರಲಿಲ್ಲ. ಹತ್ತಿರದ ಹೆದ್ದಾರಿಯಲ್ಲಿ ರಾಸಾಯನಿಕ ಚೆಲ್ಲಿದ್ದೂ ಒಂದು ಕಾರಣ ಇರಬಹುದು ಅನ್ನುತ್ತಾರೆ. 2023ರ ಮೇ ತಿಂಗಳಲ್ಲಿ, ಬೇರೆ ಹೊಳೆಗಳಿಂದ ಹಿಡಿದು ತಂದ ಪ್ಲಾಟಿಪಸ್‌ಗಳನ್ನು ಅಲ್ಲಿನ ಹ್ಯಾಕಿಂಗ್ ನದಿಗೆ ಬಿಟ್ಟರು. ಮೊದಲು ಹೆಣ್ಣುಗಳು. ಅವು ತಮ್ಮ ಜಾಗ ನೋಡಿಕೊಂಡ ಮೇಲೆ ಗಂಡುಗಳು. ಗಂಡುಗಳು ಮೊದಲೇ ಬಂದು ಜಗಳ ತೆಗೆದರೆ ಕೆಲಸ ಕೆಡುತ್ತದಲ್ಲ. ಒಟ್ಟು ಹತ್ತು ಪ್ರಾಣಿಗಳು, ಪ್ರತಿಯೊಂದಕ್ಕೂ ಟ್ರಾನ್ಸ್‌ಮಿಟರ್. ವಿಶ್ವವಿದ್ಯಾಲಯ, ಮೃಗಾಲಯ, ಉದ್ಯಾನ ಇಲಾಖೆ, ವನ್ಯಜೀವಿ ಸಂರಕ್ಷಣಾ ಸಂಸ್ಥೆ ಡಬ್ಲ್ಯೂಡಬ್ಲ್ಯೂಎಫ್ ನಾಲ್ಕೂ ಸೇರಿ ವರ್ಷಗಟ್ಟಲೆ ತಯಾರಿ ಮಾಡಿದ್ದವು. ಬಿಡುವ ಮೊದಲು ಆ ನದಿಯ ತಳದ ಹುಳಗಳನ್ನು ಎಣಿಸಿದ್ದರು. ನಾನು ಮೆಚ್ಚಿಕೊಂಡದ್ದು ಅದನ್ನು. ಪ್ಲಾಟಿಪಸ್ ಎಣಿಸಲು ಆಗದಿದ್ದರೆ ಏನಂತೆ, ಅದರ ಊಟ ಎಣಿಸಬಹುದು.

ಆಮೇಲೆ ಒಂದು ರಾತ್ರಿಯ ಸಮೀಕ್ಷೆಯಲ್ಲಿ ಬಲೆಗೆ ಹೊಸದೊಂದು ಬಿತ್ತು. ಇನ್ನೂ ಆರು ತಿಂಗಳ ಹೆಣ್ಣು ಮರಿ. ಸ್ಕ್ಯಾನರ್ ಹಿಡಿದು ನೋಡಿದರೆ ಮೈಯಲ್ಲಿ ಚಿಪ್ ಇಲ್ಲ. ತಂದು ಬಿಟ್ಟದ್ದಲ್ಲ, ಅಲ್ಲೇ ಹುಟ್ಟಿದ್ದು. ಅಳತೆ ಬರೆದುಕೊಂಡು, ಒಂದು ಚಿಪ್ ಇಟ್ಟು, ನೀರಿಗೆ ಬಿಟ್ಟರು.